ಯುಗದ ದಿನಸಂಖ್ಯೆ: ಒಂದು ಮಹಾಸಂಖ್ಯೆಯ ಅಂತರಂಗ

(ಸ್ವರ್ಣವಲ್ಲಿಯಲ್ಲಿ ನೀಡಿದ ದತ್ತಿ ಉಪನ್ಯಾಸ)

ಶಾಸ್ತ್ರವಿಚಾರವೊಂದು ಕನ್ನಡದಲ್ಲಿ, ಸರ್ವರಿಗೂ ತಿಳಿಯುವಂತೆ, ವರ್ಷಕ್ಕೊಮ್ಮೆಯಾದರೂ ನಡೆಯಬೇಕೆಂಬ ಸದಾಶಯದಿಂದ ಈ ದತ್ತಿಯನ್ನು ಸ್ಥಾಪಿಸಲಾಗಿದೆ. ಆ ಆಶಯಕ್ಕೆ ತಕ್ಕಂತೆ ಇಂದು ನಾನು ಆಯ್ದುಕೊಂಡಿರುವ ವಿಷಯ ಒಂದೇ ಒಂದು ಸಂಖ್ಯೆ. ಅದನ್ನು ಅಂಕಿಗಳಲ್ಲಿ ಬರೆದರೆ 1,57,79,17,828 ಎಂದಾಗುತ್ತದೆ.

ಈ ಸಂಖ್ಯೆಯನ್ನು ತಾವು ಅಂಕಿಗಳ ರೂಪದಲ್ಲಿ ಕಾಣದಿರಬಹುದು. ಆದರೆ ಅದರ ನೆರಳಿನಲ್ಲಿ ತಾವೆಲ್ಲರೂ ದಿನದಿನವೂ ನಡೆಯುತ್ತಿದ್ದೀರಿ. ಈ ಸೀಮೆಯ ಮನೆಮನೆಯ ದೇವರ ಕೋಣೆಯಲ್ಲಿ, ಪೂಜೆಗೆ ಮೊದಲು, ಕೈಯಲ್ಲಿ ನೀರು ಹಿಡಿದು ಮಾಡುವ ಸಂಕಲ್ಪದಲ್ಲಿ, ಬ್ರಹ್ಮನ ಆಯುಸ್ಸಿನ ಎರಡನೆಯ ಪರಾರ್ಧ, ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಅದರ ಇಪ್ಪತ್ತೆಂಟನೆಯ ಮಹಾಯುಗದ ಕಲಿಯುಗ, ಅದರ ಪ್ರಥಮ ಪಾದ ಎಂದು ಕಾಲದ ವಿಳಾಸವನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತ ಬಂದು, ಕಡೆಗೆ ಇಂದಿನ ತಿಥಿ, ವಾರ, ನಕ್ಷತ್ರಗಳಲ್ಲಿ ನಿಲ್ಲಿಸುತ್ತೇವೆ. ಇದರಲ್ಲಿ ಬರುವ ಮಹಾಯುಗವೆಂದರೆ 43,20,000 ಸೌರವರ್ಷಗಳು. ಆ ಮಹಾಯುಗದಲ್ಲಿ ಸೂರ್ಯೋದಯಗಳು ಎಷ್ಟು, ಅಂದರೆ ಸಾವನ ದಿನಗಳು ಎಷ್ಟು ಎಂಬ ಪ್ರಶ್ನೆಗೆ ಪ್ರಚಲಿತ ಸೂರ್ಯಸಿದ್ಧಾಂತವು ಕೊಡುವ ಉತ್ತರವೇ ನಾನು ಹೇಳಿದ ಸಂಖ್ಯೆ. ಪಂಚಾಂಗದ ಸೌರಗಣಿತವೆಲ್ಲವೂ ಈ ಒಂದು ಕೀಲಿನ ಮೇಲೆ ತಿರುಗುತ್ತದೆ.

ಇಷ್ಟು ದೊಡ್ಡ ಸಂಖ್ಯೆಯನ್ನು ಕೇಳಿದೊಡನೆ ನಮ್ಮಲ್ಲಿ ಹುಟ್ಟುವುದು ಎರಡೇ ಭಾವ. ನಮ್ಮ ಪೂರ್ವಿಕರು ಕೋಟಿಗಳಲ್ಲಿ ಎಣಿಸಿದರಲ್ಲವೇ ಎಂಬ ಹೆಮ್ಮೆಯಿಂದ ಕೆಲವರು ತೃಪ್ತರಾಗುತ್ತಾರೆ. ಇದೆಲ್ಲ ಪೌರಾಣಿಕ ಅತಿಶಯೋಕ್ತಿ ಎಂದು ಕೆಲವರು ಕೈಬಿಡುತ್ತಾರೆ. ಈ ಎರಡು ಪಂಗಡದವರೂ ಸಂಖ್ಯೆಯನ್ನು ಭಾಗಿಸಿ ನೋಡಿದವರಲ್ಲ. ಅಂಗಳದಲ್ಲಿ ಹರವಿದ ಅಡಕೆಯನ್ನು ದೂರದಿಂದ ಕಂಡು ಬೆರಗಾಗುವವನು ಬೇರೆ, ಅದನ್ನು ಕೈಯಲ್ಲಿ ಹಿಡಿದು ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಎಂದು ವಿಂಗಡಿಸಿ ಬೆಲೆ ಹೇಳುವ ಶಿರಸಿ ಪೇಟೆಯ ಅನುಭವಿ ಬೇರೆ. ಸಂಖ್ಯಾಶಾಸ್ತ್ರಜ್ಞನು ಎರಡನೆಯವನ ಕುಲಕ್ಕೆ ಸೇರಿದವನು. ಅವನು ಸಂಖ್ಯೆಯ ಭಾಜಕಗಳಾವುವು, ಇಂಥ ಸಂಖ್ಯೆಯಿಂದ ಭಾಗಿಸಿದರೆ ಉಳಿಯುವ ಶೇಷವೆಷ್ಟು, ಬೇರೊಂದು ಸಂಖ್ಯೆಯೊಡನೆ ಅದಕ್ಕೆ ಸಾಮಾನ್ಯವಾದ ಅಂಶವೇನು ಎಂದು ಕೇಳುತ್ತಾನೆ. ಯುಗದ ದಿನಸಂಖ್ಯೆಯನ್ನು ಹೀಗೆ ಕೇಳಿದಾಗ ಅದು ಆಶ್ಚರ್ಯಕರವಾಗಿ ಮಾತನಾಡುತ್ತದೆಂಬುದನ್ನು ತಮ್ಮ ಮುಂದೆ ತೋರಿಸಬೇಕೆಂಬುದೇ ನನ್ನ ಅಪೇಕ್ಷೆ.

ಮೊದಲು ವರ್ಷಸಂಖ್ಯೆಯನ್ನು ನೋಡೋಣ. 43,20,000 ಎಂಬುದು ಎರಡನ್ನು ಎಂಟು ಸಲ, ಮೂರನ್ನು ಮೂರು ಸಲ, ಐದನ್ನು ನಾಲ್ಕು ಸಲ ಗುಣಿಸಿದಾಗ ಬರುವ ಸಂಖ್ಯೆ. 2, 3, 5ನ್ನು ಬಿಟ್ಟು ಬೇರೊಂದು ಅವಿಭಾಜ್ಯ ಸಂಖ್ಯೆ ಅದರೊಳಗೆ ಇಲ್ಲ. ತಿಂಗಳಿಗೆ ಹನ್ನೆರಡು, ದಿನಕ್ಕೆ ಮೂವತ್ತು, ಘಳಿಗೆಗೆ ಅರವತ್ತು, ವೃತ್ತಕ್ಕೆ ಮುನ್ನೂರರವತ್ತು ಎಂದು ಭಾಗಿಸುತ್ತ ಹೋಗುವ ಗಣಕನಿಗೆ ಎಲ್ಲಿಯೂ ಭಿನ್ನರಾಶಿ ಅಡ್ಡಬರದಂತೆ ಕಟ್ಟಿದ ಸಂಖ್ಯೆ ಅದು. ಗ್ರಹಗಳೆಲ್ಲವೂ ಪೂರ್ಣಸಂಖ್ಯೆಯ ಸುತ್ತುಗಳನ್ನು ಮುಗಿಸಿ ಒಂದೆಡೆ ಸೇರುವ ಅವಧಿಗೆ ಯುಗವೆಂದು ಹೆಸರಿಟ್ಟ ಮೇಲೆ, ಆ ಅವಧಿ ಸಮಾನ ಗುಣಿತವೊಂದಾಗಿ ದೊಡ್ಡದಾಗಲೇಬೇಕು.

ದಿನಸಂಖ್ಯೆಯ ಕಥೆ ಇನ್ನೂ ಸ್ವಾರಸ್ಯವಾದುದು, ಏಕೆಂದರೆ ಅದು ಒಂದಲ್ಲ, ಮೂರು. 499ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನ ಮಾತನ್ನು ತಾನೇ ಹೇಳಿಕೊಂಡಿರುವ ಆರ್ಯಭಟನು, ಯುಗವೊಂದರಲ್ಲಿ ಭೂಮಿಯು ತನ್ನ ಅಕ್ಷದ ಮೇಲೆ 1,58,22,37,500 ಸಲ ತಿರುಗುತ್ತದೆಂದನು. ಅದರಿಂದ ಸೂರ್ಯನ 43,20,000 ಸುತ್ತುಗಳನ್ನು ಕಳೆದರೆ ಸಾವನ ದಿನಗಳು 1,57,79,17,500. ಅದೇ ಆರ್ಯಭಟನದೆಂದು ಪರಂಪರೆ ಹೇಳುವ, ಬ್ರಹ್ಮಗುಪ್ತನು 665ರಲ್ಲಿ ತನ್ನ ಖಂಡಖಾದ್ಯಕದಲ್ಲಿ ಅನುಸರಿಸಿದ, ಇನ್ನೊಂದು ಪದ್ಧತಿಯಲ್ಲಿ ಅದು 1,57,79,17,800. ಪ್ರಚಲಿತ ಸೂರ್ಯಸಿದ್ಧಾಂತದಲ್ಲಿ 1,57,79,17,828. ಮೊದಲನೆಯದಕ್ಕೂ ಕಡೆಯದಕ್ಕೂ ಇರುವ ಅಂತರ 328 ದಿನ. ಅದನ್ನು ನಲವತ್ತಮೂರು ಲಕ್ಷದ ಇಪ್ಪತ್ತು ಸಾವಿರ ವರ್ಷಗಳಿಗೆ ಹಂಚಿದರೆ ವರ್ಷವೊಂದಕ್ಕೆ ಏಳು ಸೆಕೆಂಡೂ ಇಲ್ಲ. ಇಷ್ಟು ಅಲ್ಪವಾದ ಅಂತರಕ್ಕಾಗಿ ಮೂರು ಬೇರೆ ಸಂಖ್ಯೆಗಳೇಕೆ?

ಮೊದಲನೆಯ ಸಂಖ್ಯೆಯನ್ನು ಎತ್ತಿಕೊಳ್ಳೋಣ. 1,57,79,17,500 ಮತ್ತು 43,20,000 ಇವೆರಡನ್ನೂ ನಿಶ್ಶೇಷವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ 7,500. ಅದರಿಂದ ಎರಡನ್ನೂ ಕುಗ್ಗಿಸುವುದಕ್ಕೆ ನಮ್ಮ ಗಣಕರು ಅಪವರ್ತನವೆಂದು ಹೇಳಿದರು. ಕುಗ್ಗಿದ ಮೇಲೆ ಇನ್ನು ಕುಗ್ಗಲಾರದ ಸಂಖ್ಯೆಗಳನ್ನು ದೃಢವೆಂದು ಕರೆದರು. ಇಲ್ಲಿ ದೃಢಸಂಖ್ಯೆಗಳು 2,10,389 ಮತ್ತು 576. ಎಂದರೆ 576 ವರ್ಷಗಳಲ್ಲಿ ಸರಿಯಾಗಿ 2,10,389 ದಿನಗಳು. ಕೋಟಿಗಳ ಲೆಕ್ಕ ಆರಂಕಿಗೆ ಇಳಿಯಿತು. ಈ 2,10,389 ಎಂಬುದು 61 ಮತ್ತು 3,449 ಎಂಬ ಎರಡು ಅವಿಭಾಜ್ಯಗಳ ಗುಣಲಬ್ಧ. 576ರೊಳಗೆ ಎರಡು, ಮೂರುಗಳಲ್ಲದೆ ಬೇರೇನೂ ಇಲ್ಲವಾದುದರಿಂದ ಇವೆರಡಕ್ಕೆ ಒಂದನ್ನು ಬಿಟ್ಟರೆ ಸಾಮಾನ್ಯವಾದುದೇನೂ ಉಳಿಯದು.

ಈ ದೃಢತೆಯನ್ನು ಪರೀಕ್ಷಿಸುವ ಕ್ರಮವೇ, ಶೇಷವನ್ನು ಹಿಡಿದು ಮೂಲಸಂಖ್ಯೆಯನ್ನು ಹುಡುಕುವ ಕುಟ್ಟಕವೆಂಬ ಗಣಿತವಿಧಾನದ ಮೊದಲ ಮೆಟ್ಟಿಲು. ಅದನ್ನು ಪೂರ್ತಿಯಾಗಿ ಮಾಡಿ ತೋರಿಸಲು ಅಪ್ಪಣೆಯಾಗಬೇಕು. 2,10,389ನ್ನು 576ರಿಂದ ಭಾಗಿಸಿದರೆ ಲಬ್ಧ 365, ಶೇಷ 149. ಈಗ ಭಾಜಕವೇ ಭಾಜ್ಯವಾಗಿ, ಶೇಷವೇ ಭಾಜಕವಾಗುತ್ತದೆ: 576ನ್ನು 149ರಿಂದ ಭಾಗಿಸಿದರೆ ಲಬ್ಧ 3, ಶೇಷ 129. 149ನ್ನು 129ರಿಂದ ಭಾಗಿಸಿದರೆ ಲಬ್ಧ 1, ಶೇಷ 20. 129ನ್ನು 20ರಿಂದ: ಲಬ್ಧ 6, ಶೇಷ 9. 20ನ್ನು 9ರಿಂದ: ಲಬ್ಧ 2, ಶೇಷ 2. 9ನ್ನು 2ರಿಂದ: ಲಬ್ಧ 4, ಶೇಷ 1. ಒಂದು ಬಂದಿತು, ಸಂಖ್ಯೆಗಳು ದೃಢವೆಂದು ನಿಶ್ಚಯವಾಯಿತು. ಪರಸ್ಪರ ಭಾಗಿಸುತ್ತ ಇಳಿಯುವ ಈ ಕ್ರಮವನ್ನು ಗ್ರೀಸಿನ ಯೂಕ್ಲಿಡನೂ ಬಲ್ಲನು. ಆದರೆ ನಮ್ಮವರು ಕೆಳಗೆ ಮುಟ್ಟಿದ ಮೇಲೆ ಅಲ್ಲಿಯೇ ನಿಲ್ಲಲಿಲ್ಲ. 365, 3, 1, 6, 2, 4 ಎಂಬ ಲಬ್ಧಗಳನ್ನು ಒಂದರ ಕೆಳಗೊಂದು ಬರೆದರೆ ಅದಕ್ಕೆ ವಲ್ಲಿ ಎಂದು ಹೆಸರು. ಆ ವಲ್ಲಿಯ ಬುಡದಿಂದ ಗುಣಿಸುತ್ತ ಕೂಡಿಸುತ್ತ ಮತ್ತೆ ಮೇಲಕ್ಕೆ ಹತ್ತಿದರೆ 94,602 ಮತ್ತು 259 ಎಂಬ ಎರಡು ಸಂಖ್ಯೆಗಳು ದೊರೆಯುತ್ತವೆ. ಪರೀಕ್ಷಿಸಿ ನೋಡಿ: 94,602ನ್ನು 576ರಿಂದ ಗುಣಿಸಿದರೆ 5,44,90,752, 2,10,389ನ್ನು 259ರಿಂದ ಗುಣಿಸಿದರೆ 5,44,90,751. ಅಂತರ ಒಂದೇ ಒಂದು.

ಈ ಒಂದರಿಂದ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಸೂರ್ಯನು ಎಷ್ಟು ಸುತ್ತುಗಳನ್ನು ಮುಗಿಸಿದ್ದಾನೆಂಬುದು ಮರೆತುಹೋಗಿ, ನಡೆಯುತ್ತಿರುವ ಸುತ್ತಿನ ಶೇಷ ಮಾತ್ರ ತಿಳಿದಿದೆಯೆಂದು ಇಟ್ಟುಕೊಳ್ಳಿ. ಆ ಶೇಷವನ್ನು 94,602ರಿಂದ ಗುಣಿಸಿ, 2,10,389ರಿಂದ ಭಾಗಿಸಿದರೆ ಉಳಿಯುವುದೇ ಕಳೆದುಹೋದ ದಿನಗಳ ಸಂಖ್ಯೆ. ಶೇಷದಿಂದ ಪೂರ್ಣವನ್ನು ಕಾಣುವ ವಿದ್ಯೆ ಇದು. 629ರಲ್ಲಿ ಆರ್ಯಭಟೀಯಕ್ಕೆ ಭಾಷ್ಯ ಬರೆದ ಮೊದಲನೆಯ ಭಾಸ್ಕರನು ಇವೇ ಸಂಖ್ಯೆಗಳನ್ನಿಟ್ಟುಕೊಂಡು ಶಿಷ್ಯರಿಗೆ ಲೆಕ್ಕಗಳನ್ನು ಹೇಳಿಕೊಟ್ಟನು. ಇಂದು ಬ್ಯಾಂಕುಗಳ ವ್ಯವಹಾರವನ್ನು ಗುಪ್ತವಾಗಿಡುವ ಗಣಕಯಂತ್ರಗಳು ನೂರಾರು ಅಂಕಿಗಳ ಸಂಖ್ಯೆಗಳ ಮೇಲೆ ನಡೆಸುವ ಕ್ರಿಯೆಗಳಲ್ಲಿಯೂ ಇದೊಂದು. ಇನ್ನೊಂದು ವಿಶೇಷವನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಒಪ್ಪದು. ವಲ್ಲಿಯ ಮೊದಲ ಮೂರು ಲಬ್ಧಗಳನ್ನು ಮಾತ್ರ ತೆಗೆದುಕೊಂಡರೆ ನಾಲ್ಕು ವರ್ಷಕ್ಕೆ 1,461 ದಿನಗಳೆಂದು ಬರುತ್ತದೆ. ನಾಲ್ಕು ವರ್ಷಕ್ಕೊಮ್ಮೆ ಅಧಿಕ ದಿನವೆಂಬ ಯುರೋಪಿನ ಹಳೆಯ ಪಂಚಾಂಗ ಪೂರ್ತಿಯಾಗಿ ಈ ವಲ್ಲಿಯ ಮೂರನೆಯ ಗೆಣ್ಣಿನಲ್ಲಿಯೇ ಅಡಗಿದೆ.

ಕುಟ್ಟಕವು ಜ್ಯೋತಿಷಿಗಳ ಸೊತ್ತಾಗಿಯೇ ಉಳಿಯಲಿಲ್ಲ. ಅದನ್ನು ಆಕಾಶದಿಂದ ನೆಲಕ್ಕೆ ಇಳಿಸಿದ ಕೀರ್ತಿ ಕರ್ಣಾಟಕಕ್ಕೆ ಸಲ್ಲಬೇಕು. 814ರಿಂದ 878ರವರೆಗೆ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಶ್ರಯವನ್ನು ಸ್ಮರಿಸಿ, ಸುಮಾರು 850ರಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಗ್ರಹಗತಿಯ ಹಂಗಿಲ್ಲದೆ ಗಣಿತವನ್ನು ಗಣಿತಕ್ಕಾಗಿಯೇ ಬೋಧಿಸಿದನು. ಆ ಕಾಲದಲ್ಲಿ ಈ ನಮ್ಮ ನಾಡು ಬನವಾಸಿ ಪನ್ನಿರ್ಛಾಸಿರದ ಮಡಿಲಲ್ಲಿತ್ತು. ಅಮೋಘವರ್ಷನ ನೆಚ್ಚಿನ ದಂಡನಾಯಕ ಬಂಕೇಶನು ಅದನ್ನು ಆಳುತ್ತಿದ್ದನು. ಆದುದರಿಂದ ಮಹಾವೀರನನ್ನು ಪರದೇಶದ ಪಂಡಿತನೆಂದು ನಾವು ಭಾವಿಸಬೇಕಾದುದಿಲ್ಲ. ನಮ್ಮ ಹಿರಿಯರೂ ಅವನೂ ಒಬ್ಬನೇ ಚಕ್ರವರ್ತಿಯ ಪ್ರಜೆಗಳು.

ಆ ಗ್ರಂಥದಲ್ಲಿ ಕುಟ್ಟೀಕಾರಕ್ಕೆ ಮೀಸಲಾದ ಭಾಗವಿದೆ; ಅದರ ಮೊದಲ ವಿಧಾನಕ್ಕೆ ವಲ್ಲಿಕಾ ಕುಟ್ಟೀಕಾರವೆಂದೇ ಹೆಸರು. ಅಲ್ಲಿನ ಒಂದು ಲೆಕ್ಕ ಈ ಕಾಡುನಾಡಿನ ಕೇಳುಗರಿಗೆ ತಕ್ಕುದಾಗಿದೆ. ಹಣ್ಣುಮರಗಳಿಂದ ತುಂಬಿದ ವನದ ಅಂಚಿನಲ್ಲಿ ದಣಿದ ಪಯಣಿಗರು ಇಪ್ಪತ್ತಮೂರು ಮಂದಿ ಬಂದು ಸೇರುತ್ತಾರೆ. ಅಲ್ಲಿ ಬಾಳೆಹಣ್ಣಿನ ಸಮನಾದ ಅರವತ್ತಮೂರು ರಾಶಿಗಳೂ ಬಿಡಿಯಾಗಿ ಏಳು ಹಣ್ಣುಗಳೂ ಇವೆ. ಎಲ್ಲವನ್ನೂ ಕೂಡಿಸಿ ಹಂಚಿಕೊಂಡಾಗ ಒಂದೂ ಉಳಿಯಲಿಲ್ಲವಾದರೆ ರಾಶಿಯೊಂದರಲ್ಲಿ ಹಣ್ಣುಗಳೆಷ್ಟು? ಮಾಡಿ ನೋಡಿದರೆ ಅತಿ ಕಡಮೆಯ ಉತ್ತರ ಐದು. ಒಟ್ಟು 322 ಹಣ್ಣು, ತಲೆಗೆ ಹದಿನಾಲ್ಕು. ಯುಗಭಗಣಗಳನ್ನು, ಅಂದರೆ ಯುಗದಲ್ಲಿ ಗ್ರಹಗಳು ಮುಗಿಸುವ ಸುತ್ತುಗಳನ್ನು, ಅಳೆದ ಅದೇ ವಲ್ಲಿ ಇಲ್ಲಿ ಬಾಳೆಯ ಹಣ್ಣನ್ನು ಹಂಚುತ್ತಿದೆ. ಶಾಸ್ತ್ರವೊಂದು ಪ್ರೌಢವಾಯಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷಣವನ್ನು ನಾನು ಕಾಣೆ. ಇದೇ ಮಹಾವೀರನು ಸಂಖ್ಯಾಸ್ಥಾನಗಳನ್ನು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕರವರೆಗೆ ಹೆಸರಿಸಿದನು. 14,28,57,143ನ್ನು ಏಳರಿಂದ ಗುಣಿಸಿ, ಎರಡು ತುದಿಗಳಲ್ಲಿ ಒಂದೊಂದು, ನಡುವೆ ಸೊನ್ನೆಗಳೇ ಉಳ್ಳ 1,00,00,00,001 ಎಂಬ ಸಂಖ್ಯೆಯನ್ನು ಪಡೆದು, ಅದನ್ನು ರಾಜನ ಕೊರಳಿನ ಹಾರವಾಗಿ ಕಂಡು ಸಂತೋಷಪಟ್ಟನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನೆಂಬುದನ್ನೂ ಇಲ್ಲಿ ನೆನೆಯತಕ್ಕುದು.

ಇನ್ನು ಎರಡನೆಯ ಸಂಖ್ಯೆ. ಆರ್ಯಭಟೀಯದ ಸಂಖ್ಯೆಗಿಂತ ಇದು 300 ದಿನ ಅಧಿಕ. ಈ 300 ಎಲ್ಲಿಂದ ಬಂದಿತು? ಆರ್ಯಭಟೀಯದಲ್ಲಿ ಕಲಿಯುಗವು ಕ್ರಿಸ್ತಪೂರ್ವ 3102ರ ಫೆಬ್ರವರಿ 18ರ ಶುಕ್ರವಾರ ಸೂರ್ಯೋದಯಕ್ಕೆ ಆರಂಭವಾಗುತ್ತದೆ. ಎರಡನೆಯ ಪದ್ಧತಿಯಲ್ಲಿ ಅದೇ ದಿನದ ಹಿಂದಿನ ನಡುರಾತ್ರಿಗೆ, ಅಂದರೆ ಕಾಲು ದಿನ ಮೊದಲೇ, ಆರಂಭವಾಗುತ್ತದೆ. ಈಗ ಆರ್ಯಭಟನು ತನ್ನ ಕಾಲವೆಂದು ಹೇಳಿದ ಕಲಿಯ 3,600 ವರ್ಷಗಳು ಸಂದ ಕ್ಷಣವನ್ನು ಎರಡು ರೀತಿಯಲ್ಲಿಯೂ ಗಣಿಸೋಣ. ಮೊದಲ ಪದ್ಧತಿಯಲ್ಲಿ 3,600 ವರ್ಷಕ್ಕೆ 13,14,931 ದಿನ ಮತ್ತು ಕಾಲು. ಸೂರ್ಯೋದಯದಿಂದ ಕಾಲು ದಿನವೆಂದರೆ ಮಧ್ಯಾಹ್ನ. ಎರಡನೆಯ ಪದ್ಧತಿಯಲ್ಲಿ 13,14,931 ದಿನ ಮತ್ತು ಅರ್ಧ. ನಡುರಾತ್ರಿಯಿಂದ ಅರ್ಧ ದಿನವೆಂದರೆ ಅದೇ ಮಧ್ಯಾಹ್ನ. ಎರಡು ದಾರಿಗಳೂ 499ರ ಮಾರ್ಚ್ 21ರ ನಡುಹಗಲಿನಲ್ಲಿ ಒಂದೇ ಬಿಂದುವನ್ನು ಮುಟ್ಟುತ್ತವೆ. ಯುಗವೊಂದರಲ್ಲಿ 3,600 ವರ್ಷಗಳ ಖಂಡಗಳು 1,200. 300ನ್ನು 1,200ರಿಂದ ಭಾಗಿಸಿದರೆ ಸರಿಯಾಗಿ ಕಾಲು. ಕಾಲು ದಿನದ ವ್ಯತ್ಯಾಸವನ್ನು ಸರಿದೂಗಿಸುವುದಕ್ಕೆ 299 ಕಡಮೆಯಾಗುತ್ತಿತ್ತು, 301 ಹೆಚ್ಚಾಗುತ್ತಿತ್ತು. ಕೋಟಿಗಳ ತುದಿಯಲ್ಲಿ ಕುಳಿತ ಈ ಮೂರಂಕಿಯನ್ನು ಯಾರೋ ಬಲ್ಲವರು ಬೇಕೆಂದೇ ಇಟ್ಟಿದ್ದಾರೆ.

ಈ ಮುನ್ನೂರರ ಸೇರ್ಪಡೆಯಿಂದ ಸಂಖ್ಯೆಯ ಸ್ವಭಾವವೂ ಬದಲಾಯಿತು. 1,57,79,17,800 ಮತ್ತು 43,20,000ಕ್ಕೆ ಸಾಮಾನ್ಯವಾದ ದೊಡ್ಡ ಭಾಜಕ 5,400. ಅದರಿಂದ ಅಪವರ್ತಿಸಿದರೆ 800 ವರ್ಷಕ್ಕೆ 2,92,207 ದಿನಗಳು. ಎಂಟುನೂರು ಎಂಬುದು ನೆನಪಿನಲ್ಲಿ ಉಳಿಯುವ ಸಂಖ್ಯೆಯಾದುದರಿಂದಲೋ ಏನೋ, ಈ ಸೂತ್ರ ಸಮುದ್ರ ದಾಟಿತು. ಬರ್ಮ, ಸಯಾಮುಗಳ ಪಂಚಾಂಗಗಳು ಇದರ ಮೇಲೆಯೇ ನಿಂತವು. 1687ರಲ್ಲಿ ಫ್ರಾನ್ಸಿನ ರಾಯಭಾರಿಯಾಗಿ ಸಯಾಮಿಗೆ ಹೋಗಿದ್ದ ಲಾ ಲೂಬೇರನು ಅಲ್ಲಿನ ಗಣಿತದ ವಿಧಿಗಳನ್ನು ಪ್ಯಾರಿಸಿಗೆ ತಂದನು. ಅರ್ಥವಾಗದ ಗುಣಾಕಾರ ಭಾಗಾಕಾರಗಳ ಸರಣಿಯಾಗಿದ್ದ ಅವುಗಳನ್ನು ಖ್ಯಾತ ಖಗೋಳಜ್ಞ ಕಾಸಿನಿ ಬಿಡಿಸಿ ನೋಡಿದಾಗ ಒಳಗಿನಿಂದ ಹೊರಬಂದದ್ದು ಇದೇ 800 ಮತ್ತು 2,92,207. ಕಾರಣವನ್ನು ಹೇಳದೆ ಕ್ರಿಯೆಯನ್ನು ಮಾತ್ರ ಕೊಟ್ಟ ವಿಧಿಗಳಿಂದ, ಕೇವಲ ಸಂಖ್ಯೆಗಳ ಭಾಜ್ಯತೆಯ ಬಲದಿಂದ, ಒಬ್ಬ ಪರದೇಶೀಯನು ಅವುಗಳ ಮೂಲದ ಯುಗಮಾನವನ್ನು ಹೊರತೆಗೆದನೆಂಬುದು ಸಂಖ್ಯಾಶಾಸ್ತ್ರದ ಶಕ್ತಿಗೆ ಸಾಕ್ಷಿ.

ಈಗ ನಮ್ಮ ಸಂಕಲ್ಪದ ಸಂಖ್ಯೆಗೆ ಬರೋಣ. 800ಕ್ಕೆ ಇನ್ನು 28 ಸೇರಿ 828 ಆಯಿತು. ವರ್ಷಮಾನದಲ್ಲಿ ಅದರಿಂದ ಆದ ವ್ಯತ್ಯಾಸ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೆ. ಭಾಜ್ಯತೆಯಲ್ಲಿ ಆದುದು ದೊಡ್ಡ ಕ್ರಾಂತಿ. 1,57,79,17,828ರ ಅಂಕಿಗಳ ಮೊತ್ತ 55. ಆದುದರಿಂದ ಮೂರರಿಂದ ಅದು ಭಾಗವಾಗದು. ಕಡೆಯ ಅಂಕಿ ಎಂಟಾದುದರಿಂದ ಐದರಿಂದಲೂ ಭಾಗವಾಗದು. ನಾಲ್ಕರಿಂದ ಭಾಗಿಸಿದರೆ 39,44,79,457 ಎಂಬ ಬೆಸಸಂಖ್ಯೆ ಬರುವುದರಿಂದ ಅಲ್ಲಿಗೆ ಎರಡರ ಬಲವೂ ಮುಗಿಯಿತು. ಸಾಮಾನ್ಯ ಭಾಜಕವು ಆರ್ಯಭಟೀಯದಲ್ಲಿ 7,500, ಎರಡನೆಯದರಲ್ಲಿ 5,400. ಇಲ್ಲಿ ಬರಿಯ ನಾಲ್ಕು. 576 ವರ್ಷಕ್ಕೋ 800 ವರ್ಷಕ್ಕೋ ಪೂರ್ಣದಿನವಾಗಿ ಮುಗಿಯುತ್ತಿದ್ದ ಚಕ್ರ ಈಗ 10,80,000 ವರ್ಷಗಳಿಗೆ ಹಿಗ್ಗಿತು. ಗಣಕನಿಗೆ ಇದು ಭಾರವೇ ಸರಿ. ಗ್ರಹಲಾಘವದ ಗಣೇಶ ದೈವಜ್ಞನು 1520ರಲ್ಲಿ ಹನ್ನೊಂದು ವರ್ಷಗಳ, 4,016 ದಿನಗಳ, ಚಿಕ್ಕ ಚಕ್ರವೊಂದನ್ನು ಕಲ್ಪಿಸಿ ದೊಡ್ಡ ಅಹರ್ಗಣದ, ಅಂದರೆ ಆದಿಯಿಂದ ಸಂದ ದಿನಗಳ ಎಣಿಕೆಯ, ಹೊರೆಯನ್ನು ಇಳಿಸಿದುದನ್ನು ಇಲ್ಲಿ ನೆನೆಯಬಹುದು. ಆದರೆ ಸೂರ್ಯಸಿದ್ಧಾಂತಕಾರನು ಈ ಹತ್ತು ಲಕ್ಷದ ಎಂಬತ್ತು ಸಾವಿರವನ್ನು ಕಣ್ಣಿನಲ್ಲಿಟ್ಟುಕೊಂಡೇ ತನ್ನ ಕಾಲವ್ಯವಸ್ಥೆಯನ್ನು ಕಟ್ಟಿದನೆಂಬುದಕ್ಕೆ ಅವನ ಗ್ರಂಥವೇ ಸಾಕ್ಷ್ಯ ನುಡಿಯುತ್ತದೆ. ಅವನು ಕೊಟ್ಟ ಯುಗಭಗಣಗಳನ್ನು ನೋಡಿ: ಚಂದ್ರನಿಗೆ 5,77,53,336, ಕುಜನಿಗೆ 22,96,832, ಬುಧಶೀಘ್ರಕ್ಕೆ 1,79,37,060, ಗುರುವಿಗೆ 3,64,220, ಶುಕ್ರಶೀಘ್ರಕ್ಕೆ 70,22,376, ಶನಿಗೆ 1,46,568. ಒಂದೊಂದೂ ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದುದರಿಂದ ಪ್ರತಿ 10,80,000 ವರ್ಷಗಳಿಗೊಮ್ಮೆ ಮಧ್ಯಮಗ್ರಹಗಳೆಲ್ಲವೂ ಮೇಷಾದಿಗೆ, ಅಂದರೆ ಮೇಷರಾಶಿಯ ಆರಂಭಕ್ಕೆ, ಮರಳುತ್ತವೆ, ದಿನವೂ ಪೂರ್ಣವಾಗಿರುತ್ತದೆ.

ಇನ್ನು ಸಂಕಲ್ಪದ ವಿಳಾಸವನ್ನು ಅಂಕಿಗಳಿಗೆ ಇಳಿಸೋಣ. ಸಂದ ಮನುಗಳು ಆರು, ಒಬ್ಬೊಬ್ಬರಿಗೆ ಎಪ್ಪತ್ತೊಂದು ಮಹಾಯುಗ. ಕೃತಯುಗದಷ್ಟು ದೀರ್ಘವಾದ ಸಂಧಿಗಳು ಏಳು. ಈ ಮನುವಿನಲ್ಲಿ ಸಂದ ಮಹಾಯುಗಗಳು ಇಪ್ಪತ್ತೇಳು. ಇಪ್ಪತ್ತೆಂಟನೆಯದರಲ್ಲಿ ಕೃತ, ತ್ರೇತಾ, ದ್ವಾಪರ. ಎಲ್ಲವನ್ನೂ ಕೂಡಿಸಿದರೆ ಕಲಿಯ ಆರಂಭಕ್ಕೆ ಕಲ್ಪದಲ್ಲಿ ಸಂದ ವರ್ಷಗಳು 1,97,29,44,000. ಇದನ್ನು 10,80,000ದಿಂದ ಭಾಗಿಸಿದರೆ 1,826 ಮತ್ತು ಐದರಲ್ಲಿ ನಾಲ್ಕು ಭಾಗ. ಭಿನ್ನ ಉಳಿಯಿತು, ಈ ಲೆಕ್ಕದಂತೆ ಕಲಿಯ ಆರಂಭದಲ್ಲಿ ಚಂದ್ರನಾಗಲಿ ಕುಜನಾಗಲಿ ಮೇಷಾದಿಯಲ್ಲಿ ಇರಲಾರರು. ಇಲ್ಲಿಯೇ ಸಿದ್ಧಾಂತಕಾರನು ಒಂದು ವಿಲಕ್ಷಣವಾದ ಮಾತನ್ನು ಹೇಳುತ್ತಾನೆ: ಬ್ರಹ್ಮನಿಗೆ ಚರಾಚರಗಳನ್ನು ಸೃಜಿಸುವುದಕ್ಕೆ 47,400 ದಿವ್ಯವರ್ಷಗಳು ಹಿಡಿದವು, ಗ್ರಹಚಾರ ಆರಂಭವಾದುದು ಆ ಮೇಲೆ, ಆದುದರಿಂದ ಅಷ್ಟನ್ನು ಕಳೆಯಬೇಕು. ದಿವ್ಯವರ್ಷಕ್ಕೆ 360 ಸೌರವರ್ಷದಂತೆ ಅದು 1,70,64,000. ಕಳೆದರೆ ಉಳಿಯುವುದು 1,95,58,80,000. ಈಗ ಭಾಗಿಸಿ: ಲಬ್ಧ 1,811, ಶೇಷ ಸೊನ್ನೆ.

ಪುರಾಣದ ಮಾತಿನಂತೆ ಕಾಣುವ ಆ 47,400ರ ಕೆಲಸ ಇದು. 10,80,000 ಸೌರವರ್ಷವೆಂದರೆ 3,000 ದಿವ್ಯವರ್ಷ. ಕಳೆಯಬೇಕಾದ ಸಂಖ್ಯೆ ಯಾವುದೇ ಆಗಿರಲಿ, ಅದನ್ನು 3,000ದಿಂದ ಭಾಗಿಸಿದಾಗ 2,400 ಉಳಿಯಲೇಬೇಕು. 47,400ರಲ್ಲಿ ಅದು ಉಳಿಯುತ್ತದೆ. ಸಾಲದುದಕ್ಕೆ ವಾರದ ಪರೀಕ್ಷೆಯೂ ಇದೆ. ಸೂರ್ಯಸಿದ್ಧಾಂತವು ಸೃಷ್ಟಿಯಾದಿಯ ಅಹರ್ಗಣಕ್ಕೆ ಭಾನುವಾರದಿಂದ ವಾರವನ್ನು ಎಣಿಸುತ್ತದೆ. 39,44,79,457ನ್ನು ಏಳರಿಂದ ಭಾಗಿಸಿದರೆ ಶೇಷ 1. 1,811ನ್ನು ಭಾಗಿಸಿದರೆ ಶೇಷ 5. ಇವೆರಡರ ಗುಣಲಬ್ಧದ ಶೇಷವೂ 5. ಭಾನುವಾರದಿಂದ ಐದು ದಿನ ಸಂದರೆ ಶುಕ್ರವಾರ. ಕಲಿಯುಗ ಆರಂಭವಾದುದು ಶುಕ್ರವಾರವೆಂಬುದು ಎಲ್ಲ ಗಣಕರಿಗೂ ಸಮ್ಮತ. ಎಪ್ಪತ್ತೊಂದು ಸಾವಿರ ಕೋಟಿಗೂ ಹೆಚ್ಚಿನ ದಿನಗಳ ರಾಶಿಯೊಂದು ಏಳರ ಒರೆಗಲ್ಲಿನ ಮೇಲೆ ಸರಿಯಾಗಿ ನಿಂತಿತು. ಈ ಸಂಖ್ಯೆಯನ್ನು ಕಟ್ಟಿದವನಿಗೆ ಭಾಜ್ಯತೆಯ ಜ್ಞಾನ ಎಷ್ಟು ಆಳವಾಗಿತ್ತು ಎಂಬುದಕ್ಕೆ ಬೇರೆ ಪ್ರಮಾಣವನ್ನು ನಾನು ಹುಡುಕುವುದಿಲ್ಲ.

ಏಳರ ಈ ಒರೆಗಲ್ಲು ನಿತ್ಯೋಪಯೋಗಿ. ಕಲಿಯ ಅಹರ್ಗಣವನ್ನು ಗಣಿಸಿದ ಪಂಚಾಂಗಕರ್ತನು ಅದನ್ನು ಏಳರಿಂದ ಭಾಗಿಸಿ, ಶೇಷವನ್ನು ಶುಕ್ರವಾರದಿಂದ ಎಣಿಸಿ, ಇಂದಿನ ವಾರ ಬಂದಿತೇ ಎಂದು ನೋಡುತ್ತಾನೆ. ಬಾರದಿದ್ದರೆ ಒಂದನ್ನು ಕೂಡಿಸುತ್ತಾನೆ ಅಥವಾ ಕಳೆಯುತ್ತಾನೆ. ಕನ್ನಡನಾಡು ಒಂದಾದ 1956ರ ನವೆಂಬರ್ 1ರ ಕಲಿ ಅಹರ್ಗಣ 18,47,313. ಏಳರಿಂದ ಭಾಗಿಸಿದರೆ ಲಬ್ಧ 2,63,901, ಶೇಷ 6. ಶುಕ್ರವಾರದಿಂದ ಆರು ದಿನ ಕಳೆದರೆ ಗುರುವಾರ, ಅಂದು ಗುರುವಾರವೇ. ಐದು ಸಾವಿರ ವರ್ಷಗಳ ಲೆಕ್ಕದಲ್ಲಿ ಒಂದು ದಿನ ತಪ್ಪಿದರೂ ಹಿಡಿದುಕೊಡುವ ಕಾವಲುಗಾರ ಈ ಶೇಷ.

ಇಲ್ಲಿ ಸತ್ಯವನ್ನು ಮರೆಮಾಚದೆ ಹೇಳತಕ್ಕುದು ಒಂದಿದೆ. 1,57,79,17,828ನ್ನು 43,20,000ದಿಂದ ಭಾಗಿಸಿದರೆ ಬರುವ ವರ್ಷಮಾನ 365 ದಿನ, 6 ಗಂಟೆ, 12 ನಿಮಿಷ, ಸುಮಾರು 37 ಸೆಕೆಂಡು. ಇಂದಿನ ವೇಧಗಳಿಂದ ನಿಶ್ಚಿತವಾಗಿರುವ ನಾಕ್ಷತ್ರ ಸೌರವರ್ಷ ಇದಕ್ಕಿಂತ ಸುಮಾರು ಮೂರೂವರೆ ನಿಮಿಷ ಕಡಮೆ. ಆರ್ಯಭಟನ ಕಾಲದಿಂದ ಈಚೆಗೆ ಈ ನಿಮಿಷಗಳು ಕೂಡಿ ಮೂರೂವರೆ ದಿನಕ್ಕೂ ಮಿಕ್ಕಿವೆ. ಆಕಾಶವನ್ನು ನೋಡಿ ತಿದ್ದಿಕೊಳ್ಳಬೇಕೆಂದು ನಮ್ಮ ಆಚಾರ್ಯರೇ ಹೇಳಿದ್ದಾರೆ. ಬೀಜಸಂಸ್ಕಾರವೆಂಬ ಶಬ್ದ ಹುಟ್ಟಿದ್ದೇ ಅದಕ್ಕಾಗಿ. 500 ಎಂಬುದು 800 ಆಗಿ, 828 ಆದ ಚರಿತ್ರೆಯೇ ಅವರು ಸಂಖ್ಯೆಯನ್ನು ಮುಟ್ಟಬಾರದ ವಸ್ತುವೆಂದು ಎಣಿಸಲಿಲ್ಲವೆಂಬುದನ್ನು ಸಾರುತ್ತದೆ. ಆದುದರಿಂದ ಈ ಸಂಖ್ಯೆಯು ಪ್ರಕೃತಿಯ ಕಡೆಯ ಮಾತೆಂದು ವಾದಿಸುವವರೊಡನೆ ನಾನು ಸೇರಲಾರೆ. ಅದು ಬುದ್ಧಿವಂತಿಕೆಯಿಂದ ಕಟ್ಟಿದ ಕೃತಿಯೆಂದು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಸೋಂದೆಯ ಈ ನೆಲದಲ್ಲಿ ಸ್ವರ್ಣವಲ್ಲಿಯ ಮಠವೂ ವಾದಿರಾಜರ ಮಠವೂ ಜೈನಮಠವೂ ಶತಮಾನಗಳಿಂದ ನೆರೆಹೊರೆಯಾಗಿ ಬಾಳಿವೆ. ಆರ್ಯಭಟನ ಕುಟ್ಟಕ, ಬ್ರಹ್ಮಗುಪ್ತನ ಖಂಡಖಾದ್ಯಕ, ಜೈನ ಮಹಾವೀರನ ವಲ್ಲಿಕಾ ಕುಟ್ಟೀಕಾರ ಇವುಗಳನ್ನು ಒಟ್ಟಿಗೆ ಕಲಿಸುವುದಕ್ಕೆ ಇದಕ್ಕಿಂತ ತಕ್ಕ ಸ್ಥಳ ಯಾವುದು? ಪಾಠಶಾಲೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಸಂಕಲ್ಪವನ್ನು ಬಾಯಿಪಾಠ ಮಾಡಿದವರು, ಅದರ ಸಂಖ್ಯೆಗಳನ್ನು ಒಮ್ಮೆ ಕಾಗದದ ಮೇಲೆ ಇಳಿಸಿ, ವಲ್ಲಿಯನ್ನು ನಿಮ್ಮ ಕೈಯಿಂದಲೇ ಬರೆದು, 94,602 ಬರುವವರೆಗೆ ಬಿಡದಿರಿ. ಸಭೆಗೆ ಬಂದಿರುವ ಗೃಹಸ್ಥರಲ್ಲಿ ಇನ್ನೊಂದು ಬಿನ್ನಹ. ನಿಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ, ಅಜ್ಜಂದಿರು ಪಂಚಾಂಗಕ್ಕಾಗಿ ಲೆಕ್ಕ ಮಾಡಿದ ಕಡತಗಳೋ ಓಲೆಗಳೋ ಇದ್ದರೆ, ಈ ಮಳೆನಾಡಿನ ಬೂಸಲಿಗೂ ಗೆದ್ದಲಿಗೂ ಅವನ್ನು ಬಿಟ್ಟುಕೊಡಬೇಡಿ. ನೆರಳಿನಲ್ಲಿ ಆರಿಸಿ, ಹಾಳೆ ಹಾಳೆಯ ಪ್ರತಿ ತೆಗೆಸಿ, ಮೂಲವನ್ನು ನೀವೇ ಇಟ್ಟುಕೊಂಡು ಪ್ರತಿಯನ್ನು ಪಾಠಶಾಲೆಗೆ ತಲುಪಿಸಿ. ಬರಿಯ ಅಂಕಿಗಳಿರುವ ಕಾಗದವೆಂದು ಯಾವುದನ್ನೂ ಒಲೆಗೆ ಹಾಕದಿರಿ.